ಎಡಗಿವಿಯ ಎರಡನೆಯ ಸೀಳು

ಅಕ್ಕಾ, ಅವತ್ತು ತೋಳ ಹಿಡಿದದ್ದು ನಿನ್ನ ಮರಿಯನ್ನಲ್ಲ, ನನ್ನದನ್ನು. ನಲವತ್ತು ವರ್ಷದಿಂದ ಈ ಒಂದು ಮಾತು ನಾಲಿಗೆಯ ತುದಿಗೆ ಬಂದು ಹಿಂದಕ್ಕೆ ಹೋಗಿದೆ. ಶ್ರೀರಾಂಪುರದಿಂದ ನೀನು ಬಸ್ಸಿನಲ್ಲಿ ರೊಟ್ಟಿ ಕಟ್ಟಿ ಕಳಿಸಿದಾಗಲೆಲ್ಲ ಇನ್ನಷ್ಟು ಹಿಂದಕ್ಕೆ.

ತಾಳ್ಯದ ಹಟ್ಟಿಯಲ್ಲಿ ಕರಿಕುರಿ ಅವಳಿ ಹೆಣ್ಣುಮರಿ ಹಾಕಿದಾಗ ಅಪ್ಪ ನಮಗೆ ಒಂದೊಂದು ಕೊಟ್ಟಿದ್ದ. ಗುರುತಿಗೆಂದು ನಿನ್ನದರ ಎಡಗಿವಿಗೆ ಒಂದು ಸೀಳು, ನನ್ನದಕ್ಕೆ ಎರಡು. ಅವು ಈದದ್ದೆಲ್ಲ ನಮ್ಮ ನಮ್ಮದೇ. ನಿನಗೆ ಮದುವೆಯಾದ ಮೇಲೆ ನಿನ್ನ ಪಾಲಿನವು ನಿನ್ನ ಹಿಂದೆ ಹೊರಡಬೇಕಾದವು. ಅವತ್ತು ಎರಡೂ ಮರಿಗಳನ್ನು ಮೇಯಿಸಲು ಹೋದ ನಾನು ಹೊಂಗೆ ನೆರಳಲ್ಲಿ ನಿದ್ದೆ ಹೋದೆ. ಎದ್ದಾಗ ಒಂದೇ ಮರಿ ಇತ್ತು — ನಿನ್ನದು. ಮೈಮರೆತು ಮರಿ ಕಳೆದವನಿಗೆ ಅಪ್ಪ ಇನ್ನೊಂದು ಕೊಡುವವನೇ? ಸೊಂಟದ ಚಾಕು ತೆಗೆದೆ. ಅದರ ಕಿವಿಗೆ ಇನ್ನೊಂದು ಸೀಳು ಹಾಕಿದೆ.

ತೋಳ ಇದಕ್ಕೂ ಬಾಯಿ ಹಾಕಿತ್ತೆಂದು ಅಳುತ್ತಾ ಹೇಳಿದೆ. ನೀನು ಅರಿಶಿನ ತಂದು ಆ ಕಿವಿಗೆ ಹಚ್ಚಿದೆ. "ಹೋಗ್ಲಿ ಬಿಡೋ, ಅಳಬ್ಯಾಡ. ನಿಂದಾದ್ರೂ ಉಳಕಂಡೈತಲ್ಲ," ಅಂದೆ.

ಆ ಮರಿಯ ಸಂತತಿಯನ್ನು ಮಾರಿದ ದುಡ್ಡಿನಿಂದಲೇ ನಾನು ಓದಿದೆ, ದುರ್ಗದಲ್ಲಿ ಕನ್ನಡ ಮೇಷ್ಟ್ರಾದೆ. ನೀನು ಬರಿಗೈಯಲ್ಲಿ ಗಂಡನ ಮನೆಗೆ ಹೋದೆ.

ಮೊನ್ನೆ ತರಗತಿಯಲ್ಲಿ 'ಸೂರೆ' ಎಂಬ ಪದ ಬಂತು. ಈಗ 'ಮನಸೂರೆಗೊಂಡಿತು' ಎಂದು ಹಾಡನ್ನೂ ಹೊಗಳುತ್ತೇವೆ. ಮೂಲದಲ್ಲಿ ಅದು ಕಾದಾಟದಲ್ಲಿ ಗೆದ್ದವರು ದೋಚಿ ಒಯ್ಯುತ್ತಿದ್ದ ಸೊತ್ತು ಎಂದೆ. ಹುಡುಗಿಯೊಬ್ಬಳು ಕೇಳಿದಳು: "ಹಂಗಾರೆ ಕಳ್ಳತನಕ್ಕೂ ಇದಕ್ಕೂ ಏನ್ ವ್ಯತ್ಯಾಸ ಸಾರ್?"

"ಕಳ್ಳ ಕಾಣದಂತೆ ಒಯ್ಯುತ್ತಾನಮ್ಮ. ಸೂರೆ ಮಾಡುವವನು ಒಡೆಯನ ಕಣ್ಣೆದುರೇ ಒಯ್ಯುತ್ತಾನೆ."

ಹೇಳಿದವನೇ ಕುರ್ಚಿಯಲ್ಲಿ ಕುಳಿತುಬಿಟ್ಟೆ. ನಾನು ಕದ್ದೆ ಎಂದುಕೊಂಡಿದ್ದೆನಲ್ಲ, ಅಕ್ಕಾ — ಅದೂ ಸುಳ್ಳು. ಅವತ್ತು ಮಾಗಿದ ಹಳೆಯ ಸೀಳು ಒಂದೇ ಇತ್ತು, ಹೊಸದರಲ್ಲಿ ರಕ್ತವಿತ್ತು. ಅರಿಶಿನದ ನಿನ್ನ ಬೆರಳು ಎರಡರ ನಡುವೆ ಒಂದು ಗಳಿಗೆ ನಿಂತಿತ್ತು. ನಾನು ನೋಡಿದ್ದೆ. ನಿನಗೆ ಎಲ್ಲ ಗೊತ್ತಾಗಿತ್ತು. ಆದರೂ ಅಪ್ಪನೆದುರು ನೀನು ಬಾಯಿಬಿಡಲಿಲ್ಲ, ಆಮೇಲೆ ಒಂದು ದಿನವೂ ಚುಚ್ಚಿ ಮಾತಾಡಲಿಲ್ಲ. ನಿನ್ನ ಆ ಪ್ರೀತಿಯನ್ನೂ ನಾನು ಇಷ್ಟು ವರ್ಷ ಸುಮ್ಮನೆ ತಿಂದೆ.

ಭಾನುವಾರ ಬರುತ್ತೇನೆ. ಒಂದು ಹೆಣ್ಣುಮರಿ ತರುತ್ತೇನೆ, ಕಿವಿ ಸೀಳಿಲ್ಲ. ಇದರಿಂದ ಏನೂ ತೀರುವುದಿಲ್ಲ, ಬಲ್ಲೆ. ಗುರುತು ನೀನೇ ಹಾಕು. ಚಾಕು ಮಾತ್ರ ನನ್ನ ಕೈಗೆ ಕೊಡಬೇಡ.