ಪೌಡರ್ ವಾಸನೆಯ ನೋಟ್‌ಬುಕ್ಕು

ಮನೆಗೆ ಬಣ್ಣ ಹೊಡೆಸಬೇಕೆಂದು ಅಟ್ಟದ ಡಬ್ಬಗಳನ್ನು ಇಳಿಸುತ್ತಿದ್ದಾಗ ಒಂದು ಹಳೆಯ ನೋಟ್‌ಬುಕ್ಕು ಸಿಕ್ಕಿತು. ತೆರೆಯುವ ಮೊದಲೇ ಎಳೆಮಕ್ಕಳ ಪೌಡರಿನ ವಾಸನೆ ಬಂತು. ಇಷ್ಟು ವರ್ಷ ವಾಸನೆ ಉಳಿಯುತ್ತದೆಯೇ? ಉಳಿಯಲಾರದು. ನನ್ನ ಮೂಗೇ ಅದನ್ನು ತಯಾರಿಸಿಕೊಂಡಿರಬೇಕು. ನನ್ನ ನೆನಪಿನ ಮೇಲೆ ನನಗಿರುವ ನಂಬಿಕೆ ಇಷ್ಟೇ. ಮುಂದಿನದನ್ನೂ ನೀವು ಈ ಎಚ್ಚರದಲ್ಲೇ ಕೇಳಿಸಿಕೊಳ್ಳಿ.

ಅದು ಅಮ್ಮ ಇಂಗ್ಲಿಷ್ ಕಲಿತ ನೋಟ್‌ಬುಕ್ಕು. ಕಲಿಸಿದವಳು ನಾನು, ಆಗ ಹದಿಮೂರು ವರ್ಷದವಳು. ಅಪ್ಪ ಊರು ಬಿಟ್ಟು ಬಂದು, ಇಲ್ಲಿ ತಮಿಳು ಸೀಮೆಯ ಅಡ್ಯಾರಿನ ಒಂದು ಹೋಟೆಲಿನಲ್ಲಿ ಅಡುಗೆಯವರಾಗಿದ್ದರು. ಒಂದು ಬೆಳಗ್ಗೆ ಸಾಂಬಾರಿಗೆ ಒಗ್ಗರಣೆ ಹಾಕಿ ಕೂತವರು ಮತ್ತೆ ಏಳಲಿಲ್ಲ. ಆರು ತಿಂಗಳ ನಂತರ ಅಮ್ಮನಿಗೆ ಬೆಸೆಂಟ್ ನಗರದ ಒಂದು ಬೇಬಿ ಕೇರಿನಲ್ಲಿ ಕೆಲಸ ಸಿಕ್ಕಿತು. ಮಕ್ಕಳನ್ನು ನೋಡಿಕೊಳ್ಳುವುದೇನೂ ಅವಳಿಗೆ ಕಷ್ಟವಲ್ಲ. ಆದರೆ ದಿನಾ ಸಂಜೆ ಪ್ರತಿ ಮಗುವಿನ ಡೈರಿಯಲ್ಲಿ, ಅದು ಆ ದಿನ ಏನೇನು ಮಾಡಿತೆಂದು ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದು ಮನೆಗೆ ಕಳಿಸಬೇಕಿತ್ತು. ಅಮ್ಮ ಓದಿದ್ದು ಊರಿನ ಶಾಲೆಯಲ್ಲಿ ಏಳನೆಯವರೆಗೆ. ಒಂದು ತಿಂಗಳು ನೋಡುತ್ತೇನೆ ಎಂದಿದ್ದರು ಅಲ್ಲಿಯ ಮೇಡಂ. ಆಗದಿದ್ದರೆ ನಾವಿಬ್ಬರೂ ಉಡುಪಿಯ ಹತ್ತಿರದ ಸೋದರಮಾವನ ಮನೆಗೆ. ನನ್ನ ಶಾಲೆ, ಗೆಳತಿಯರು, ಬೀಚು, ಎಲ್ಲ ಇಲ್ಲಿಯೇ ಉಳಿಯುತ್ತಿದ್ದವು.

ಡೈರಿಗೆ ಬೇಕಾದದ್ದು ಒಂದೇ ಕಾಲ, ಆಗಿಹೋದದ್ದು. ಉಂಡಿತು, ಮಲಗಿತು, ಅತ್ತಿತು, ಬಿದ್ದಿತು. ನಾನು ಪಟ್ಟಿ ಮಾಡಿ ಕೊಟ್ಟೆ. ಅಮ್ಮ ದೋಸೆ ಹುಯ್ಯುತ್ತ ‘ಈಟ್ ಏಟ್, ಸ್ಲೀಪ್ ಸ್ಲೆಪ್ಟ್’ ಎನ್ನುತ್ತಿದ್ದಳು. ರಾಗ ಮಾತ್ರ ದೇವರ ಮುಂದೆ ಹೇಳುವ ಸ್ತೋತ್ರದ್ದು. ಸಂಜೆ ಮೆಟ್ಟಿಲ ಮೇಲೆ ಕೂತು ನಾನು ತಿದ್ದುತ್ತಿದ್ದೆ. ಸಮುದ್ರದ ಗಾಳಿಗೆ ಹಾಳೆ ಪಟಪಟ ಎನ್ನುತ್ತಿತ್ತು ಎಂದು ಬರೆಯುವ ಆಸೆ. ಆದರೆ ಆ ಮೆಟ್ಟಿಲಿಗೆ ಗಾಳಿ ಬರುತ್ತಲೇ ಇರಲಿಲ್ಲ. ಕೆಂಪು ಪೆನ್ನು ಮಾತ್ರ ನಿಜ. ನಮ್ಮ ಟೀಚರಂತೆಯೇ ಹುಬ್ಬು ಗಂಟಿಕ್ಕಿ ಗೀಟು ಎಳೆಯುತ್ತಿದ್ದೆ. ತಪ್ಪು ಸಿಕ್ಕಿದರೆ ನನಗೆ ಹಬ್ಬ.

ಮೂರನೆಯ ವಾರ ಎಡವಟ್ಟಾಯಿತು. ಒಂದು ಮಗು ಬಾಟಲಿಯ ಹಾಲನ್ನೆಲ್ಲ ಕುಡಿದಿತ್ತು. ಅಮ್ಮ ಡೈರಿಯಲ್ಲಿ ‘ಮಿಲ್ಕ್ ಇನ್‌ಕ್ರೀಸ್ಡ್’ ಎಂದು ಬರೆದಳು. ನಮ್ಮಲ್ಲಿ ಅಕ್ಕಿಯೋ ಹಾಲೋ ಮುಗಿಯಿತು ಎನ್ನುವಂತಿಲ್ಲ, ಹೆಚ್ಚಾಯಿತು ಎನ್ನಬೇಕು. ದೀಪವನ್ನು ಆರಿಸುವುದಿಲ್ಲ, ದೊಡ್ಡದು ಮಾಡುತ್ತೇವೆ. ನಿಮ್ಮ ಮನೆಯಲ್ಲೂ ಹೀಗೆಯೇ ಇರಬಹುದು. ಹೆಚ್ಚಾಗುವುದಕ್ಕೆ ಇಂಗ್ಲಿಷಿನಲ್ಲಿ ಏನೆಂದು ಅಮ್ಮ ಹಿಂದಿನ ದಿನ ನನ್ನನ್ನೇ ಕೇಳಿದ್ದಳು. ಯಾಕೆಂದು ವಿಚಾರಿಸದೆ ನಾನೂ ಹೇಳಿಕೊಟ್ಟಿದ್ದೆ. ಮಗುವಿನ ತಾಯಿ ಅದನ್ನು ಓದಿ, ಹಾಲು ಮಿಗುತ್ತಿದೆ ಎಂದುಕೊಂಡು ಮರುದಿನ ಅರ್ಧ ಬಾಟಲಿ ಕಳಿಸಿದರು. ಮಗು ಮಧ್ಯಾಹ್ನವಿಡೀ ಅತ್ತಿತು. ಇನ್ನೊಮ್ಮೆ ಹೀಗಾದರೆ ಕೆಲಸಕ್ಕೆ ಬರುವುದು ಬೇಡ ಎಂದು ಮೇಡಂ ತಮಿಳಿನಲ್ಲಿ, ದನಿ ಏರಿಸದೆ ಹೇಳಿದರಂತೆ.

ದನಿ ಏರಿಸಿದ್ದು ನಾನು. ಹಾಲು ಫಿನಿಶ್ಡ್ ಅಂತ ಬರೆದರೆ ನಿನ್ನ ಗಂಟು ಏನು ಹೋಗುತ್ತಿತ್ತು ಎಂದೆ.

“ಮಗುವಿನ ಹಾಲಿಗೆ ಹಾಗೆ ಬರೀಲಿಕ್ಕೆ ನನ್ನಿಂದ ಆಗುದಿಲ್ಲ ಮಾರಾಯ್ತಿ.”

“ಹಾಗಾದ್ರೆ ಮಾವನ ಮನೆಗೇ ಹೋಗುವ. ಅಲ್ಲಿ ಎಲ್ಲ ಹೆಚ್ಚಾಗ್ಲಿ.”

ಅಮ್ಮ ಪೆನ್ನಿನ ಮುಚ್ಚಳ ಕಚ್ಚುತ್ತ ಕೂತಳು. ಆಮೇಲೆ, “ಹಾಲಿನ ಸುದ್ದಿ ಎಂತಕ್ಕೆ? ಮಗುವಿನ ಸುದ್ದಿ ಬರೆದ್ರೆ ಸಾಕಲ್ಲ?” ಎಂದು, ‘ಹಿ ಡ್ರ್ಯಾಂಕ್ ಆಲ್ ದ ಮಿಲ್ಕ್’ ಎಂದು ಬರೆದು ತೋರಿಸಿದಳು. ತಿದ್ದಲು ಏನೂ ಇರಲಿಲ್ಲ. ಸಂತೋಷವಾಗಬೇಕಿತ್ತು, ನನಗೆ ಸಿಟ್ಟು ಬಂತು.

ಆ ಸಿಟ್ಟಿನಲ್ಲೇ ಇರಬೇಕು, ಹಾಗಾದರೆ ಅಪ್ಪನ ಬಗ್ಗೆ ಐದು ವಾಕ್ಯ ಬರಿ ಎಂದೆ. ಆ ಪುಟ ಈಗ ನನ್ನ ಮುಂದಿದೆ. ಅವರು ಅಡುಗೆ ಮಾಡಿದರು. ಅವರು ಜೋರಾಗಿ ನಕ್ಕರು. ಅವರು ಬಿಸಿ ಕಾಫಿ ಕುಡಿದರು. ಅವರು ಮಗಳಿಗೆ ಸೈಕಲ್ ಕಲಿಸಿದರು. ಐದನೆಯದು, ‘ಹಿ ವೆಂಟ್ ಅಂಡ್ ಕೇಮ್’. ಹೋಗಿ ಬಂದರು. ಹೊರಡುವವರು ಬರೀ ಹೋಗುತ್ತೇನೆ ಎನ್ನಬಾರದು, ಹೋಗಿ ಬರುತ್ತೇನೆ ಎನ್ನಬೇಕು. ಅಪ್ಪ ಆ ಬೆಳಗ್ಗೆಯೂ ಹಾಗೆಂದೇ ಹೊರಟಿದ್ದರು. ನಾನು ‘ಅಂಡ್ ಕೇಮ್’ ಎಂಬುದರ ಮೇಲೆ ಕೆಂಪು ಗೀಟು ಎಳೆದೆ.

“ಬರ್ಲಿಲ್ಲ ಅಲ್ವಾ,” ಎಂದೆ.

ಇಷ್ಟು ನನ್ನ ನೆನಪಿನಲ್ಲಿತ್ತು. ಅದರಲ್ಲಿ ಅಮ್ಮ ನೋಟ್‌ಬುಕ್ಕು ಮುಚ್ಚಿ ಒಳಗೆ ಹೋಗುತ್ತಾಳೆ, ನಾನು ಮೆಟ್ಟಿಲ ಮೇಲೆ ಉಳಿಯುತ್ತೇನೆ. ಆಮೇಲೆ ಅವಳ ಕೆಲಸ ಉಳಿಯಿತು, ನನ್ನ ಶಾಲೆಯೂ ಉಳಿಯಿತು. ಆದರೂ ಈ ಗೀಟನ್ನು ನೆನೆದು ಎಷ್ಟೋ ವರ್ಷ ನಾಚಿಕೊಂಡಿದ್ದೇನೆ. ಪುಟ ಮಾತ್ರ ಅಲ್ಲಿಗೆ ನಿಲ್ಲುವುದಿಲ್ಲ. ಗೀಟಿನ ಕೆಳಗೆ ಅದೇ ವಾಕ್ಯ ಮತ್ತೆ ಇದೆ, ಇಡಿಯಾಗಿ, ಅಮ್ಮನ ದುಂಡಕ್ಷರದಲ್ಲಿ. ಅದರ ಕೆಳಗೆ ಇನ್ನೊಮ್ಮೆ. ಹಾಳೆಯ ಕೊನೆಯವರೆಗೂ ಹೋಗಿ ಬಂದರು, ಹೋಗಿ ಬಂದರು. ಯಾವಾಗ ಬರೆದಳೋ. ನಾನು ಆ ಪುಟವನ್ನು ಮತ್ತೆ ತೆರೆದಿರಲೇ ಇಲ್ಲ.

ಬಟಾಣಿ ಸುಲಿಯುತ್ತಿದ್ದ ಅಮ್ಮನಿಗೆ ತೋರಿಸಿದೆ. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದಳು.

“ಅಕ್ಷರ ಚಂದ ಉಂಟಲ್ಲ?” ಎಂದಳು.

ಅಷ್ಟರಲ್ಲಿ ನನ್ನ ಮಗಳು ಡ್ಯಾನ್ಸ್ ಕ್ಲಾಸಿಗೆ ಹೊರಟು, ಚಪ್ಪಲಿ ಮೆಟ್ಟುತ್ತ, ಎಂದಿನಂತೆ ತಮಿಳಿನಲ್ಲಿ “ಪೋಯ್ಟು ವರೇನ್” ಎಂದಳು. ಹೋಗಿ ಬರುತ್ತೇನೆ ಎಂದು ಕನ್ನಡದಲ್ಲಿ ಹೇಳು ಎಂದು ದಿನವೂ ತಿದ್ದುವವಳು ನಾನು. ಇವತ್ತೂ ಬಾಯಿ ತೆರೆದಿದ್ದೆ. ಎದ್ದು ಬಾಗಿಲವರೆಗೆ ಹೋಗಿ, ತಮಿಳಿನಲ್ಲೇ “ಪೋಯ್ಟು ವಾ” ಎಂದೆ.

ಅವಳು ಮೆಟ್ಟಿಲಲ್ಲಿ ನಿಂತು ತಿರುಗಿ ನೋಡಿದಳು.