ಅರವತ್ತೊಂದರಲ್ಲಿ ಕೊಡಬೇಕಾದದ್ದು

ನೌರಿಜ್ ಹಬ್ಬದ ವಾರ ಉಲ್ಮೆಕೆನ್ ಟೀಚರ್ ಮೂರನೇ ಕ್ಲಾಸಿನ ಮಕ್ಕಳಿಂದ ಪುಸ್ತಕ ತೆರೆಸುತ್ತಿರಲಿಲ್ಲ. ಹೊಸ ವರ್ಷ ಬಾಗಿಲಿಗೆ ಬಂದು ನಿಂತಿರುವಾಗ ಮಗ್ಗಿ ಹೇಳಿಸುವುದು ಗೋರ್ಕಲ್ಲ ಮೇಲೆ ಮಳೆ ಸುರಿದಂತೆ ಎಂಬುದು ಅವಳ ಅನುಭವ. ಬದಲಿಗೆ ಬೋರ್ಡಿನ ಮೇಲೆ ಇಲಿಯಿಂದ ಹಂದಿಯವರೆಗೆ, ವರ್ಷಕ್ಕೊಂದರಂತೆ ಸರದಿಯಲ್ಲಿ ಬರುವ ಹನ್ನೆರಡು ಪ್ರಾಣಿಗಳನ್ನು ಬರೆಯುತ್ತಿದ್ದಳು. ಚಿತ್ರ ಅವಳಿಗೆ ಒಲಿದ ವಿದ್ಯೆಯಲ್ಲ. ಹಸು ಯಾವುದು, ನಾಯಿ ಯಾವುದು ಎಂದು ಕೆಳಗೆ ಹೆಸರು ಓದಿಯೇ ತಿಳಿಯಬೇಕಿತ್ತು.

ಮನೆಯ ಹಿರಿಯರೊಬ್ಬರು ಯಾವ ಪ್ರಾಣಿಯ ವರ್ಷದಲ್ಲಿ ಹುಟ್ಟಿದರೆಂದು ಮಕ್ಕಳು ಕೇಳಿಕೊಂಡು ಬರಬೇಕು. ಆ ಪ್ರಾಣಿ ಸುತ್ತು ಹಾಕಿ ಮರಳಿ ಬರುವ ವರ್ಷವೇ ಮುಷೆಲ್, ಅಂದರೆ ಗಂಡಾಂತರದ ವರ್ಷ. ತಾಯಿಯ ಹೊಟ್ಟೆಯಲ್ಲಿದ್ದುದನ್ನೂ ಒಂದು ವರ್ಷವೆಂದು ಹಿಡಿದರೆ ಮೊದಲನೆಯದು ಹದಿಮೂರಕ್ಕೆ. ಆಮೇಲೆ ಹನ್ನೆರಡು ಹನ್ನೆರಡು ಕೂಡಿಸುತ್ತ ಹೋದರಾಯಿತು. ಇದು ಗಣಿತ. ಗಂಡಾಂತರ ಕಳೆಯಲು ತನಗೆ ಪ್ರಿಯವಾದದ್ದೊಂದನ್ನು ಇನ್ನೊಬ್ಬರಿಗೆ ಕೊಟ್ಟುಬಿಡಬೇಕು. ಹಿರಿಯರು ಏನು ಕೊಡಬೇಕೆಂದು ಮೂರು ಸಾಲು ಬರೆಯುವುದು ಬರವಣಿಗೆ.

“ಹರಕಲು ಕೋಟು ಕೊಟ್ಟು ಕೈತೊಳ್ಕೊಂಡ್ರೆ ಲೆಕ್ಕಕ್ಕಿಲ್ಲ,” ಎಂದು ಪ್ರತಿ ವರ್ಷ ಹೇಳುತ್ತಿದ್ದಳು. “ಕೊಡೋವಾಗ ಹೊಟ್ಟೆ ಚುರುಕ್ ಅನ್ಬೇಕು.”

ಈ ಸಲ ಬರುತ್ತಿದ್ದುದು ಕುದುರೆಯ ವರ್ಷ. ಉಲ್ಮೆಕೆನ್ ಹುಟ್ಟಿದ್ದೂ ಕುದುರೆಯಲ್ಲೇ. ಅತ್ತೆ ಕೊಟ್ಟಿದ್ದ ಬೆಳ್ಳಿ ಬಳೆಯನ್ನು ತಂಗಿಯ ಮಗಳಿಗೆ ಕೊಡುತ್ತೇನೆಂದು ಅವಳು ಊರಿಗೆಲ್ಲ ಸಾರಿದ್ದಳು. ಮೈ ಬಂದ ಮೇಲೆ ಆ ಬಳೆ ಅವಳ ಕೈಗೆ ಏರಿಯೇ ಇರಲಿಲ್ಲ ಎಂಬುದು ಬೇರೆ ಮಾತು.

ಸೋಮವಾರ ಹೆಡ್‌ಮಾಸ್ಟರ್ ಎರ್ಗಜಿ ಅವಳನ್ನು ಕೋಣೆಗೆ ಕರೆದ. ಇವನಿಗೆ ಅಕ್ಷರ ತಿದ್ದಿಸಿದ್ದೂ ಅವಳೇ.

“ಅಕ್ಕ, ಬೇಜಾರು ಮಾಡ್ಕೋಬೇಡಿ. ನಿಮ್ಮ ಎಡಗಿವಿ ಪೂರ್ತಿ ಹೋಗಿದೆ. ಹಿಂದಿನ ಬೆಂಚಿನವರು ಕುರಿಮೂಳೆ ಹರಡಿಕೊಂಡು ಆಟ ಆಡ್ತಿರ್ತಾರೆ, ನಿಮಗೆ ಗೊತ್ತೇ ಆಗಲ್ಲ.”

“ನೀನೂ ಆಡ್ತಿದ್ದೆ. ಆಗ ನನ್ನ ಕಿವಿ ನೆಟ್ಟಗಿತ್ತು, ಏನು ಉಪಯೋಗ ಆಯ್ತು?”

ಎರ್ಗಜಿ ನಕ್ಕ, ಆದರೆ ಹಿಡಿದದ್ದು ಬಿಡಲಿಲ್ಲ. “ಹೊಸದಾಗಿ ಬಂದ ಟೀಚರ್ ಶೋಲ್ಪಾನ್‌ಗೆ ಇನ್ನೂ ಒಂದು ಕ್ಲಾಸ್ ಕೊಡೋಕಾಗಿಲ್ಲ. ರಜೆ ಮುಗಿದ ಮೇಲೆ ಮೂರನೇ ಕ್ಲಾಸ್ ಅವಳು ತಗೊಳ್ಳಲಿ. ನೀವು ಲೈಬ್ರರಿ ನೋಡ್ಕೊಳ್ಳಿ. ಬಲವಂತ ಇಲ್ಲ. ಶುಕ್ರವಾರ ಹೇಳಿ.”

“ಈಗಲೇ ಹೇಳ್ತೀನಿ. ಆಗಲ್ಲ,” ಎಂದು ಅವಳು ಹೊರಬಂದಳು. ಮಕ್ಕಳನ್ನು ಒಂದನೇ ಕ್ಲಾಸಿನಿಂದ ನಾಲ್ಕನೆಯದರವರೆಗೆ ಕೈಹಿಡಿದು ನಡೆಸುವುದು ಅವಳ ಪದ್ಧತಿ. ನಡುದಾರಿಯಲ್ಲಿ ಯಾರ ಕೈಯನ್ನೂ ಬಿಟ್ಟವಳಲ್ಲ. ಗಂಡ ತೀರಿಕೊಂಡ ವಾರವೂ ಕ್ಲಾಸಿಗೆ ಬಂದಿದ್ದಳು.

ಶುಕ್ರವಾರ ಮಕ್ಕಳು ಬರೆದದ್ದನ್ನು ಓದಿದರು. ತೊಲೆಗೆನ್‌ನ ತಾತನೂ ಕುದುರೆ, ಎಪ್ಪತ್ತಮೂರು; ಅವರು ತಮ್ಮ ದುರ್ಬೀನನ್ನು ಕೊಡಬೇಕು, ಅದೂ ತೊಲೆಗೆನ್‌ಗೇ ಕೊಡಬೇಕು. ಇನ್ನೊಬ್ಬಳ ಅಜ್ಜಿ ಎಷ್ಟು ಕೇಳಿದರೂ ವಯಸ್ಸು ಬಿಟ್ಟುಕೊಟ್ಟಿರಲಿಲ್ಲ. ಅವಳು ಹೇಳಿದ ಪ್ರಾಣಿಯಿಂದಲೇ ಎರಡು ಸಲ ಲೆಕ್ಕ ಮಾಡಿದಾಗ ಅಜ್ಜಿ ತನ್ನ ಮಗನಿಗಿಂತ ಚಿಕ್ಕವಳಾಗಿ ಕ್ಲಾಸೆಲ್ಲ ಬಿದ್ದು ಬಿದ್ದು ನಕ್ಕಿತು.

ಕೊನೆಗೆ ಅಯ್ಗಾನಿಮ್ ಎದ್ದಳು. ಅಪ್ಪ ಅಮ್ಮನ ಜೊತೆ ಬೇರೆ ಊರಿಂದ ಬಂದ ಹುಡುಗಿ, ಮನೆಯಲ್ಲಿ ಹಿರಿಯರಿಲ್ಲ. ಟೀಚರ್ ಪಕ್ಕಕ್ಕೇ ಬಂದು, ಬಲಗಿವಿಯ ಕಡೆ ನಿಂತು ಗಟ್ಟಿಯಾಗಿ ಓದಿದಳು. “ನಮ್ಮ ಟೀಚರ್ ಕುದುರೆ ವರ್ಷದವರು. ಹದಿಮೂರಕ್ಕೆ ನಾಲ್ಕು ಹನ್ನೆರಡು ಕೂಡಿಸಿದರೆ ಅರವತ್ತೊಂದು. ಟೀಚರ್ ನಮ್ಮನ್ನು ಕೊಟ್ಟುಬಿಡಬೇಕು.”

ಯಾರೋ ಕಿಸಕ್ಕೆಂದರು. ಉಲ್ಮೆಕೆನ್ ನಗಲಿಲ್ಲ.

“ಏನೇ ಇದು? ನಾನು ಬಳೆ ಕೊಡ್ತೀನಿ ಅಂದಿದ್ನಲ್ಲ?”

“ಬಳೆ ನೀವು ಹಾಕ್ಕೊಳ್ಳೋದೇ ಇಲ್ಲ ಟೀಚರ್. ಇಷ್ಟವಾದದ್ದೇ ಕೊಡ್ಬೇಕು ಅಂತ ನೀವೇ ಹೇಳಿದ್ರಿ. ಇಲ್ಲಾಂದ್ರೆ ನಿಮಗೆ ಗಂಡಾಂತರ ಹೋಗಲ್ವಲ್ಲ.”

“ಕೊಡೋದು ಯಾರಿಗೆ?”

“ಶೋಲ್ಪಾನ್ ಟೀಚರ್‌ಗೆ. ಅವರ ಹತ್ರ ಯಾರೂ ಇಲ್ಲ.”

ಹುಡುಗಿಯ ಮುಖದಲ್ಲಿ ಹುಡುಗಾಟವಿರಲಿಲ್ಲ; ಟೀಚರಿಗೆ ಏನಾಗಿಬಿಡುತ್ತದೋ ಎಂಬ ಭಯವಿತ್ತು. ಉಲ್ಮೆಕೆನ್ ಹಾಳೆ ತೆಗೆದುಕೊಂಡು ತಪ್ಪು ಹುಡುಕಿದಳು. ಕೂಡಿಸಿದ್ದು ಸರಿಯಿತ್ತು, ವಾಕ್ಯವೂ ಸರಿಯಿತ್ತು. ಒಂದಾದರೂ ತಪ್ಪು ಸಿಕ್ಕಿದ್ದರೆ ಎಂದು ಅವಳಿಗೆ ಅನ್ನಿಸಿದ್ದು ಸುಳ್ಳಲ್ಲ. ಹಾಳೆಯ ತಲೆಗೆ ಐದಕ್ಕೆ ಐದು ಬರೆದು ಹುಡುಗಿಯ ಕೈಗಿತ್ತಳು.

ಮಧ್ಯಾಹ್ನ ಅಂಗಳದಲ್ಲಿ ಕಡಾಯಿಯಿಂದ ಹಬ್ಬದ ಗಂಜಿ ಬಡಿಸುತ್ತಿದ್ದರು. ಶೋಲ್ಪಾನ್ ಸೌಟು ಹಿಡಿದಿದ್ದಳು, ಎರ್ಗಜಿ ಬಟ್ಟಲು ಹಿಡಿದು ನಿಂತಿದ್ದ. ಉಲ್ಮೆಕೆನ್ ಹಾಜರಿ ಪುಸ್ತಕ ಕಂಕುಳಲ್ಲಿ ಒತ್ತಿಕೊಂಡು ಅವರ ಹತ್ತಿರ ಬಂದಳು.

“ತಗೊಳ್ಳಮ್ಮ. ರಜೆ ಕಳೆದ ಮೇಲೆ ಮೂರನೇ ಕ್ಲಾಸ್ ನಿಂದು.”

ಶೋಲ್ಪಾನ್ ಸೌಟು ಬಿಟ್ಟು ಎರಡೂ ಕೈ ಚಾಚಿದಳು. ಪುಸ್ತಕ ಬರಲಿಲ್ಲ. ಉಲ್ಮೆಕೆನ್‌ಳ ಬೆರಳು ಇನ್ನೂ ಬಿಗಿಯಾಗಿಯೇ ಇತ್ತು.

“ಅಕ್ಕ,” ಎಂದ ಎರ್ಗಜಿ ಮೆಲ್ಲಗೆ, “ಸಂಕಟ ಆಗ್ತಿದ್ರೆ ಬೇಡ.”

“ಆಗದೆ ಇರತ್ತಾ? ಕರುಳು ಕಿತ್ತು ಬರ್ತಿದೆ,” ಎಂದಳು ಉಲ್ಮೆಕೆನ್. “ಎಳ್ಕೊಳ್ಳೇ ಹುಡುಗಿ, ನಾನಾಗಿ ಬಿಡಲ್ಲ.”