ತೋಳಿಗೆ ಕಟ್ಟಿದ ಕಂಟ್ರೋಲರ್

ಬೀದರಿನ ಮೈಲೂರಿನಲ್ಲಿರುವ ಕುಬರಾಳ ಅಂಗಡಿಗೆ ಹೋದವರು ಕೊಳ್ಳಲು ಬಂದದ್ದನ್ನೇ ಕೊಂಡು ಮರಳುತ್ತಾರೆಂದು ಹೇಳಲಾಗದು. ವಿಡಿಯೊ ಗೇಮ್ ಯಂತ್ರಗಳನ್ನು ಮಾರುವುದು, ರಿಪೇರಿ ಮಾಡುವುದು ಅವಳ ಕಸುಬು. ರೇಡಿಯೊ ರಿಪೇರಿ ಮಾಡುತ್ತಿದ್ದ ತಂದೆ ಯೂಸುಫರ ಪಕ್ಕದಲ್ಲಿ ಕುಳಿತು ಹತ್ತನೆಯ ವಯಸ್ಸಿನಲ್ಲೇ ಬೆಸುಗೆ ಹಾಕಲು ಕಲಿತವಳು. ಗಿರಾಕಿ ಅಂಗಡಿಯಲ್ಲಿ ಅರ್ಧ ಗಂಟೆ ಆಡಿ ನೋಡದ ಹೊರತು ಅವಳು ಹೊಸ ಡಬ್ಬಿಯ ಸೀಲು ಒಡೆಯುವುದಿಲ್ಲ.

“ಗಿರಾಕಿಗೆ ಬ್ಯಾಡ ಅನ್ನೋ ದುಕಾನ ಬೀದರಿನ್ಯಾಗ ಇದೊಂದೇ ನೋಡ್ರಿ,” ಎಂದು ಯೂಸುಫರು ಬಂದವರೆದುರು ಗೊಣಗುವುದುಂಟು. ಆ ಗೊಣಗಾಟದಲ್ಲಿ ಹೆಮ್ಮೆಯೇ ಹೆಚ್ಚು.

ಒಂದು ಬೆಳಿಗ್ಗೆ ಔರಾದದ ಬಸ್ಸಿಳಿದು ಪೂನಮ ಎಂಬಾಕೆ ತನ್ನ ತಾಯಿ ಕೇಶರಬಾಯಿಯನ್ನು ಕರೆದುಕೊಂಡು ಬಂದಳು. ಬಚ್ಚಲಲ್ಲಿ ಜಾರಿ ಬಿದ್ದ ಕೇಶರಬಾಯಿಯ ಬಲ ಭುಜದ ಎಲುಬು ಸೀಳಿತ್ತು. ಎಲುಬೇನೋ ಕೂಡಿತು. ಆದರೆ ದಿನವೂ ಕೈಯೆತ್ತಿ ಇಳಿಸದಿದ್ದರೆ ಭುಜ ಇದ್ದಲ್ಲೇ ಬಿಗಿದುಬಿಡುತ್ತದೆಂದು ಭಾಲ್ಕಿಯ ಡಾಕ್ಟರು ಎಚ್ಚರಿಸಿದ್ದರು.

“ಖಾಲಿ ಗಾಳಿಗೆ ಕೈ ಎತ್ತು, ಇಳಸು ಅಂತಾರ. ಮಂದಿ ನೋಡಿದ್ರ ಹುಚ್ಚಿ ಅಂತಾರವ್ವಾ,” ಎಂದಳು ಕೇಶರಬಾಯಿ.

ಅದಕ್ಕೇ ಪೂನಮ ಒಂದು ಉಪಾಯ ಹುಡುಕಿದ್ದಳು. ತನ್ನ ತಮ್ಮ ಸಂಘಪಾಲನ ಗೇಮ್ ಯಂತ್ರ ಮನೆಯಲ್ಲಿತ್ತು. ಕೈಯಲ್ಲಿ ಹಿಡಿದು ಬೀಸಿದರೆ ಪರದೆಯ ಮೇಲಿನ ಆಟಗಾರನೂ ಬೀಸುವಂಥ ಮೋಷನ್ ಕಂಟ್ರೋಲರ್ ಬೇಕು. ಅದರ ಜೊತೆ ಬ್ಯಾಟು, ಕತ್ತಿ, ರಾಕೆಟ್ಟು ಎಲ್ಲ ಇರುವ ದೊಡ್ಡ ಡಬ್ಬಿಯೇ ಬೇಕು.

“ಮೊದಲ ಆಡ್ರಿ ಮೌಶಿ,” ಎಂದು ಕುಬರಾ ಅಂಗಡಿಯ ಹಳೆಯ, ಸಾದಾ ಮೋಷನ್ ಕಂಟ್ರೋಲರನ್ನು ಕೇಶರಬಾಯಿಯ ಬಲಗೈಗೆ ಕೊಟ್ಟು ಡೋಲು ಬಡಿಯುವ ಆಟ ಹಚ್ಚಿದಳು.

ಕೇಶರಬಾಯಿ ಗೆದ್ದಳು. ಮತ್ತೊಮ್ಮೆಯೂ ಗೆದ್ದಳು. ಪೂನಮ ಚಪ್ಪಾಳೆ ತಟ್ಟಿದಳು. ಕುಬರಾ ಮಾತ್ರ ಪರದೆಯನ್ನು ಬಿಟ್ಟು ಭುಜವನ್ನು ನೋಡುತ್ತಿದ್ದಳು. ಅದು ಒಂದಂಗುಲವೂ ಅಲುಗಿರಲಿಲ್ಲ. ಮುದುಕಿ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಮಣಿಕಟ್ಟನ್ನಷ್ಟೇ ಕೊಡವುತ್ತಿದ್ದಳು.

“ದೊಡ್ಡ ಡಬ್ಬಿ ಬ್ಯಾಡ್ರಿ ಅಕ್ಕ. ಕತ್ತಿ, ರಾಕೆಟ್ಟು ಎಲ್ಲಾ ಇದರ ಮ್ಯಾಲ ಹಾಕೋ ಬರೇ ಪ್ಲಾಸ್ಟಿಕ್ ತೊಡಿಗಿ. ಮೌಶಿ ಕುಂತಲ್ಲೇ ಮಷೀನಿಗಿ ಟೋಪಿ ಹಾಕ್ಯಾರ.”

“ನಾ ಏನ್ ಮಾಡ್ಲಿ, ನಿನ್ನ ಮಷೀನಿಗೇ ಬುದ್ಧಿ ಕಮ್ಮಿ,” ಎಂದು ಕೇಶರಬಾಯಿ ನಕ್ಕಳು.

ಪೂನಮಳ ಮುಖ ಬಾಡಿತು. “ಮತ್ತ ಇಷ್ಟು ದೂರ ಬಂದಿದ್ದು ಸುಮ್ಮನೇ ಆಯ್ತಲ್ರಿ? ಭುಜ ಹಂಗೇ ಕೂತ್ರ ಹ್ಯಾಂಗ?”

ಕುಬರಾ ಡಾಕ್ಟರು ಬರೆದುಕೊಟ್ಟ ಚೀಟಿಯನ್ನು ಕೇಳಿ ಪಡೆದು, ಕೈ ಎಷ್ಟು ಏಳಬೇಕೆಂಬುದನ್ನು ಎರಡು ಸಲ ಓದಿದಳು. ಆಮೇಲೆ ಹಳೆಯ ಓಢಣಿಯಿಂದ ಒಂದು ಪಟ್ಟಿ ಹರಿದು, ಅದೇ ಸಾದಾ ಕಂಟ್ರೋಲರನ್ನು ಕೇಶರಬಾಯಿಯ ತೋಳಿಗೆ, ಮೊಳಕೈಯ ಮೇಲುಗಡೆ, ಬಿಗಿಯಾಗದಂತೆ ಕಟ್ಟಿದಳು.

“ಈಗ ಬಡೀರಿ. ನೋವಾದ್ರ ನಿಲ್ಲಸ್ರಿ.”

ಕೇಶರಬಾಯಿ ಮಣಿಕಟ್ಟು ಕೊಡವಿದಳು. ಡೋಲು ಸುಮ್ಮನಿತ್ತು. ಮತ್ತೆ ಕೊಡವಿದಳು. ಪರದೆಯ ಮೇಲಿನ ಎದುರಾಳಿ ಮುಂದೆ ಹೋಗಿಬಿಟ್ಟ.

“ಅಯ್ಯ, ಈ ಭಾಡ್ಯಾ ನನ್ನ ಸೋಲಸ್ತಾನೇನು!” ಎಂದವಳೇ ಹಲ್ಲುಕಚ್ಚಿ ತೋಳೆತ್ತಿದಳು. ಢಂ ಎಂದಿತು. ಇನ್ನೊಂದು ಢಂ. ಆಟ ಮುಗಿಯುವಷ್ಟರಲ್ಲಿ ಮೊಳಕೈ ಎದೆಯ ಮಟ್ಟಕ್ಕೆ ಬಂದಿತ್ತು. ಹಣೆಯ ಮೇಲೆ ಬೆವರು ಮೂಡಿತ್ತು. ಸೋತದ್ದಕ್ಕೆ ಅವಳಿಗೆ ಸಿಟ್ಟು. ಇನ್ನೊಂದಾಟ ಬೇಕೆಂದು ಹಟ.

ಕುಬರಾ ಆ ಹಳೆಯ ಕಂಟ್ರೋಲರನ್ನೇ ಪಟ್ಟಿಯ ಸಮೇತ ಕೊಟ್ಟು ಕಳಿಸಿದಳು. “ಮೂರು ವಾರ ಇಟ್ಕೋರಿ. ಉಪಯೋಗ ಆದ್ರ ಮಾತ್ರ ತಗೋರಿ. ಡಾಕ್ಟರಿಗಿ ತೋರಿಸೋದು ಮರೀಬ್ಯಾಡ್ರಿ.”

ಮೂರು ವಾರ ಕಳೆದ ಮೇಲೆ ಔರಾದದಿಂದ ವಿಡಿಯೊ ಕರೆ ಬಂತು. ಅಂಗಳದಲ್ಲಿ ಕೇಶರಬಾಯಿ ಒದ್ದೆ ಸೀರೆಯನ್ನು ತಲೆಗಿಂತ ಎತ್ತರದ ತಂತಿಯ ಮೇಲೆ ಬಲಗೈಯಿಂದಲೇ ಹರವುತ್ತಿದ್ದಳು. ನಡುವೆ ಒಮ್ಮೆ ತಡೆದಳು, ಉಸಿರೆಳೆದಳು, ಮತ್ತೆ ಎತ್ತಿದಳು.

“ಏ ಬೇಟಿ, ನಿನ್ನ ಸಾಮಾನ ವಾಪಸ್ ಕೊಡಂಗಿಲ್ಲ ಮತ್ತ! ಆ ಭಾಡ್ಯಾಗ ನಿನ್ನೆ ಸೋಲಿಸೀನಿ!”

ಕುಬರಾ ಫೋನನ್ನು ಎತ್ತಿ ಹಿಡಿದು ತಂದೆಯನ್ನು ಕೂಗಿ ಕರೆದಳು: “ಅಬ್ಬಾ, ಇಧರ ಆವ್ ಜರಾ!”